ಒಡೆಯನ ಪೇಚು, ಆಳಿನ ಜಾಣ್ಮೆ

ಇಂಗ್ಲಿಷ್ ಹಾಸ್ಯ ಸಾಹಿತ್ಯದಲ್ಲಿ ಬರ್ಟಿ ವೂಸ್ಟರ್ ಹಾಗೂ ಅವನ ಸೇವಕ ಜೀವ್ಸ್ ಹೆಸರುವಾಸಿ ಜೋಡಿ. ಪಿ.ಜಿ. ವುಡ್‌ಹೌಸ್ 1915ರಲ್ಲಿ ಸೃಷ್ಟಿಸಿದ ಜೀವ್ಸ್‌ನ ಕಥೆಗಳು 1974ರವರೆಗೂ ಬಂದವು. ಹಣವಂತ ಬರ್ಟಿ ಬೇಡದ ಮದುವೆಯ ಮಾತಿಗೋ ಸೋದರತ್ತೆಯ ಗದರಿಕೆಗೋ ಸಿಲುಕಿ ಒದ್ದಾಡುತ್ತಾನೆ. ಜೀವ್ಸ್ ದನಿ ಏರಿಸದೆ ಅವನನ್ನು ಪಾರು ಮಾಡುತ್ತಾನೆ.

ವಜ್ರಳ್ಳಿ, ಯಲ್ಲಾಪುರ ಕಡೆಯ ಯಕ್ಷಗಾನ ಪ್ರೇಕ್ಷಕರಿಗೆ ಇಂಥ ಆಳು ಹೊಸಬನೇನಲ್ಲ. ಬಡಗುತಿಟ್ಟಿನಲ್ಲಿ ಅರಸನೆದುರು ನಿಲ್ಲುವ ದೂತ, ಚಾರಕರ ವೇಷಗಳು ಹಾಸ್ಯಗಾರನ ಪಾಲಿನವು. ಪ್ರಸಂಗದ ಪದ್ಯಗಳಲ್ಲಿ ಅವನಿಗೆ ಸಿಗುವ ಜಾಗ ಕಡಿಮೆ; ಮಾತೆಲ್ಲ ರಂಗದ ಮೇಲೆಯೇ ಹುಟ್ಟಬೇಕು. ಕಿರೀಟ ಹೊತ್ತವನಿಗೆ ಬೇರೆಯವರು ಹೇಳಲಾಗದ್ದನ್ನು ಅವನು ನಗಿಸುತ್ತಲೇ ಹೇಳಿಬಿಡುತ್ತಾನೆ. ಜೀವ್ಸ್ ಗುಟ್ಟಾಗಿ ಒಡೆಯನ ಮಾನ ಕಾಯುತ್ತಾನೆ. ಹಾಸ್ಯಗಾರನದು ಸಭೆಯೆದುರಿನ ಬಹಿರಂಗ ಮಾತು.

ನಳ ದಮಯಂತಿ ಪ್ರಸಂಗದಲ್ಲಂತೂ ಅರಸನೇ ಆಳು. ಕುರೂಪಿ ಬಾಹುಕನಾದ ನಳ ಋತುಪರ್ಣನ ಸಾರಥಿಯಾಗುತ್ತಾನೆ. ಬಾಹುಕನ ವೇಷವನ್ನೂ ಸಾಮಾನ್ಯವಾಗಿ ಹಾಸ್ಯಗಾರನೇ ಕಟ್ಟುತ್ತಾನೆ.

ಆದರೆ ಬಾಹುಕನಿಗೆ ಕೊನೆಗೆ ರಾಜ್ಯ ಮರಳುತ್ತದೆ, ಏಕೆಂದರೆ ಅವನು ಹುಟ್ಟಿನಿಂದ ಅರಸ. ಜೀವ್ಸ್ ಮತ್ತು ದೂತ ಮಾತ್ರ ಕಥೆ ಮುಗಿದರೂ ಆಳುಗಳೇ. ಬುದ್ಧಿ ಯಾರದೆಂದು ಎಲ್ಲರಿಗೂ ತಿಳಿದರೂ ಗದ್ದುಗೆ ಕದಲುವುದಿಲ್ಲ. ನಗೆ ಅಣಕಿಸುವುದು ಒಡೆಯನನ್ನು ಮಾತ್ರವಲ್ಲ, ಈ ಏರ್ಪಾಟನ್ನೂ ಸಹ.