ಬೆರಳುಗಳಲ್ಲಿ ಮೂಡಿದ ಭಾಷೆ

ಮಗು ಮಾತು ಕಲಿಯುವುದನ್ನು ಯಾರೂ ದೊಡ್ಡ ಸಾಹಸವೆಂದು ಭಾವಿಸುವುದಿಲ್ಲ. ತಾಯಿ ಅಂಗಳದಲ್ಲಿ ನಿಂತು ಆಕಾಶದತ್ತ ಬೆರಳು ತೋರಿ ‘ಚಂದಮಾಮ’ ಎನ್ನುತ್ತಾಳೆ. ಮಗು ಅತ್ತ ನೋಡುತ್ತದೆ, ಶಬ್ದವನ್ನು ಕೇಳುತ್ತದೆ. ಕಂಡ ವಸ್ತುವಿಗೂ ಕೇಳಿದ ಶಬ್ದಕ್ಕೂ ಗಂಟು ಬೀಳುತ್ತದೆ. ದಿನಕ್ಕೆ ನೂರು ಸಲ ನಡೆಯುವ ಈ ವ್ಯಾಪಾರಕ್ಕೆ ಗುರುವೂ ಬೇಡ, ಪಾಠಶಾಲೆಯೂ ಬೇಡ. ಆದರೆ ಚಂದ್ರನನ್ನು ಕಾಣಲಾರದ, ತಾಯಿಯ ದನಿಯನ್ನೂ ಕೇಳಲಾರದ ಮಗುವಿನ ಪಾಡೇನು? ವಸ್ತುಗಳಿಗೆ ಹೆಸರುಗಳುಂಟು ಎಂಬ ಸಂಗತಿಯನ್ನಾದರೂ ಅದಕ್ಕೆ ತಿಳಿಸುವ ದಾರಿ ಯಾವುದು?

ಈ ಪ್ರಶ್ನೆ ಎದ್ದೊಡನೆ ಹೆಲೆನ್ ಕೆಲರ್ ಅವರ ಹೆಸರು ನೆನಪಾಗುವುದು ಸಹಜ. 1955ರಲ್ಲಿ ಭಾರತಕ್ಕೂ ಬಂದುಹೋದ ಆ ಮಹಿಳೆಯ ಕಥೆಯನ್ನು ಅರಿಯದವರು ವಿರಳ. ಆದರೆ ಹೆಲೆನ್ ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲೇ ಅದೇ ಕತ್ತಲೆಯಿಂದ ಹೊರಬಂದ ಹುಡುಗಿಯೊಬ್ಬಳಿದ್ದಳು. ಹೆಲೆನ್ ನಡೆದ ದಾರಿಯನ್ನು ಮೊದಲು ಸವೆಸಿದವಳು ಆ ಲಾರಾ ಬ್ರಿಜ್‌ಮನ್.

ಜ್ವರ ಕಸಿದುಕೊಂಡದ್ದು

ಲಾರಾ 1829ರ ಡಿಸೆಂಬರ್ 21ರಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬಲ್ಲಿ ರೈತನ ಮಗಳಾಗಿ ಜನಿಸಿದಳು. ಎರಡು ವರ್ಷದವಳಾಗಿದ್ದಾಗ ಸ್ಕಾರ್ಲೆಟ್ ಜ್ವರ ಮನೆಯನ್ನು ಹೊಕ್ಕಿತು. ಇಬ್ಬರು ಅಕ್ಕಂದಿರು ತೀರಿಕೊಂಡರು. ಲಾರಾ ಬದುಕಿ ಉಳಿದಳು. ಆದರೆ ಕಣ್ಣು ಹೋಯಿತು, ಕಿವಿ ಹೋಯಿತು, ವಾಸನೆಯ ಅರಿವು ಅಳಿಯಿತು, ರುಚಿಯೂ ಬಹುಮಟ್ಟಿಗೆ ನಷ್ಟವಾಯಿತು. ಪಂಚೇಂದ್ರಿಯಗಳಲ್ಲಿ ಪೂರ್ಣವಾಗಿ ಉಳಿದದ್ದು ಸ್ಪರ್ಶವೊಂದೇ. ಆಗತಾನೆ ಕಲಿತಿದ್ದ ನಾಲ್ಕಾರು ತೊದಲು ಮಾತುಗಳೂ ಮರೆತುಹೋದವು.

ಮನೆಯವರೊಡನೆ ಅವಳಿಗಿದ್ದ ಸಂಬಂಧ ಕೆಲವೇ ಸನ್ನೆಗಳದು. ಮುಂದಕ್ಕೆ ನೂಕಿದರೆ ‘ಹೋಗು’, ಹತ್ತಿರಕ್ಕೆಳೆದರೆ ‘ಬಾ’. ತಲೆ ಸವರಿದರೆ ಮೆಚ್ಚುಗೆ, ಬೆನ್ನು ತಟ್ಟಿದರೆ ಅಸಮ್ಮತಿ. ತಾಯಿಯ ಸೆರಗು ಹಿಡಿದಂತೆ ಮನೆಯೆಲ್ಲ ಸುತ್ತಿ, ಆಕೆಯ ಕೈಗಳನ್ನು ಮುಟ್ಟಿ ಮುಟ್ಟಿ, ಹೆಣಿಗೆ ಹೊಲಿಗೆಗಳನ್ನು ಕೂಡ ಅವಳು ಅಷ್ಟಿಷ್ಟು ಕಲಿತಳು. ಬುದ್ಧಿಗೆ ಕೊರತೆಯಿರಲಿಲ್ಲ, ಆ ಬುದ್ಧಿಗೆ ಹೊರಬರಲು ಬಾಗಿಲಿರಲಿಲ್ಲ.

ಈ ಸುದ್ದಿ ಬಾಸ್ಟನ್ ನಗರದ ಡಾಕ್ಟರ್ ಸ್ಯಾಮ್ಯುಅಲ್ ಗ್ರಿಡ್ಲಿ ಹೌ ಅವರ ಕಿವಿಗೆ ಬಿತ್ತು. ತಾರುಣ್ಯದಲ್ಲಿ ಗ್ರೀಸಿನ ಸ್ವಾತಂತ್ರ್ಯ ಯುದ್ಧಕ್ಕೆ ವೈದ್ಯರಾಗಿ ಹೋಗಿದ್ದ ಅವರು 1832ರಲ್ಲಿ ಬಾಸ್ಟನ್ನಿನಲ್ಲಿ ಅಂಧ ಮಕ್ಕಳಿಗಾಗಿ ಪಾಠ ಆರಂಭಿಸಿದ್ದರು. ಮುಂದೆ ಪರ್ಕಿನ್ಸ್ ಶಾಲೆಯೆಂದು ಪ್ರಸಿದ್ಧವಾದ ಆ ಸಂಸ್ಥೆಗೆ 1837ರ ಅಕ್ಟೋಬರ್ ತಿಂಗಳಲ್ಲಿ ಲಾರಾ ಬಂದು ಸೇರಿದಳು. ಆಗ ಅವಳಿಗೆ ಇನ್ನೂ ಎಂಟು ತುಂಬಿರಲಿಲ್ಲ.

ಎರಡು ದಾರಿಗಳು

ಹೌ ಅವರ ಮುಂದೆ ಎರಡು ದಾರಿಗಳಿದ್ದವು. ಮನೆಯಲ್ಲಿ ಬೆಳೆದು ಬಂದ ಸನ್ನೆಗಳಿಗೆ ಇನ್ನಷ್ಟು ಸನ್ನೆಗಳನ್ನು ಸೇರಿಸುತ್ತ ಹೋಗುವುದು ಒಂದು. ಇದು ಸುಲಭ, ಆದರೆ ಒಂದೊಂದು ವಸ್ತುವಿಗೂ ಒಂದೊಂದು ಸನ್ನೆಯಾದರೆ ಅದಕ್ಕೆ ಕೊನೆಯೆಲ್ಲಿ? ಅಕ್ಷರಗಳನ್ನು ಕಲಿಸಿ, ಅವುಗಳ ಜೋಡಣೆಯಿಂದ ಬೇಕಾದುದನ್ನೆಲ್ಲ ಹೇಳಬಲ್ಲ ಶಕ್ತಿಯನ್ನು ಕೊಡುವುದು ಇನ್ನೊಂದು. ಇದು ಬಲು ಕಷ್ಟ. ಫಲಿಸಿದರೆ ಮಾತ್ರ ಅದಕ್ಕೆ ಮೇರೆಯಿಲ್ಲ. ಹೌ ಎರಡನೆಯದನ್ನು ಆರಿಸಿಕೊಂಡರು.

ಬ್ರೈಲ್ ಲಿಪಿ ಆಗಿನ್ನೂ ಅಮೆರಿಕದಲ್ಲಿ ಬಳಕೆಗೆ ಬಂದಿರಲಿಲ್ಲ. ಚಮಚ, ಚಾಕು, ಬೀಗದ ಕೈ, ಕುರ್ಚಿ ಮುಂತಾದ ನಿತ್ಯದ ವಸ್ತುಗಳಿಗೆ, ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಅವುಗಳ ಹೆಸರನ್ನು ಅಚ್ಚೊತ್ತಿದ ಚೀಟಿಗಳನ್ನು ಅಂಟಿಸಲಾಯಿತು. ಲಾರಾ ವಸ್ತುವನ್ನೂ ಚೀಟಿಯನ್ನೂ ತಡವಿ ನೋಡಿದಳು. ಚಮಚಕ್ಕೂ ಬೀಗದ ಕೈಗೂ ಆಕಾರದಲ್ಲಿ ಭೇದವಿರುವಂತೆ, ಅವುಗಳ ಮೇಲಿನ ಗೀಟುಗಳಿಗೂ ಭೇದವುಂಟೆಂದು ಬೇಗನೆ ಕಂಡುಕೊಂಡಳು. ಬಳಿಕ ಬಿಡಿ ಚೀಟಿಗಳನ್ನು ಕೊಟ್ಟರೆ ತಕ್ಕ ತಕ್ಕ ವಸ್ತುವಿನ ಮೇಲೆ ತಾನೇ ಇಡತೊಡಗಿದಳು. ತಲೆ ಸವರಿದರೆ ಹಿಗ್ಗುತ್ತಿದ್ದಳು.

ಮುಂದಿನ ಹೆಜ್ಜೆಯಲ್ಲಿ ಹೆಸರನ್ನೇ ಬಿಡಿಸಿ, ಒಂದೊಂದು ಅಕ್ಷರಕ್ಕೆ ಒಂದೊಂದು ಚೀಟಿ ಮಾಡಿದರು. ಬೀಗದ ಕೈಯ ಇಂಗ್ಲಿಷ್ ಹೆಸರಿನ ಕೆ, ಇ, ವೈ ಎಂಬ ಮೂರು ಅಕ್ಷರಗಳನ್ನು ಸಾಲಾಗಿ ಇಟ್ಟು ತೋರಿಸುವುದು, ಕಲೆಸಿಬಿಡುವುದು, ಅವಳು ಮತ್ತೆ ಜೋಡಿಸುವುದು. ವಾರಗಟ್ಟಲೆ ಇದೇ ಅಭ್ಯಾಸ. ಅವಳು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದಳು. ಆದರೆ ಅದು ಅನುಕರಣೆ, ನೆನಪಿನ ಬಲ. ಸಾಕಿದ ಪ್ರಾಣಿ ಆಟ ಕಲಿತಂತೆ ಎಂದು ಹೌ ಅವರಿಗೇ ಅನಿಸುತ್ತಿತ್ತು.

ಆಮೇಲೆ ಅರ್ಥ ಹೊಳೆಯಿತು. ತನ್ನ ಮನಸ್ಸಿನಲ್ಲಿರುವ ವಸ್ತುವಿಗೆ ತಾನೇ ಒಂದು ಗುರುತನ್ನು ರಚಿಸಿ ಇನ್ನೊಬ್ಬರ ಮನಸ್ಸಿಗೆ ಮುಟ್ಟಿಸಬಹುದು ಎಂಬುದನ್ನು ಅವಳು ಕಂಡುಕೊಂಡ ಗಳಿಗೆಯಲ್ಲಿ ಮುಖದ ಕಳೆಯೇ ಬದಲಾಯಿತೆಂದು ಹೌ ಬರೆದಿಟ್ಟಿದ್ದಾರೆ. ಇನ್ನು ಬೇಕಾದದ್ದು ತಾಳ್ಮೆಯೊಂದೇ ಎಂದು ಅವರಿಗೆ ಆಗ ಧೈರ್ಯ ಬಂದಿತು.

ಕೈಯೇ ನಾಲಗೆ

ಚೀಟಿಗಳ ಬಳಿಕ ಲೋಹದ ಅಚ್ಚಿನ ಮೊಳೆಗಳು ಬಂದವು. ಅವನ್ನು ಹಲಗೆಯ ರಂಧ್ರಗಳಲ್ಲಿ ನೆಟ್ಟು ಪದ ಮಾಡಬೇಕು. ಆದರೆ ಹಲಗೆ ಹೊತ್ತು ತಿರುಗಿ ಮಾತನಾಡುವುದುಂಟೆ? ಕಿವುಡರು ಬಳಸುವ ಬೆರಳಕ್ಷರಗಳನ್ನು ಕಲಿಸಲು ನಿರ್ಧಾರವಾಯಿತು. ಅಧ್ಯಾಪಕಿ ಲಿಡಿಯಾ ಡ್ರೂ ತಾವು ಮೊದಲು ಅದನ್ನು ಅಭ್ಯಾಸ ಮಾಡಿದರು. ಹೊಸ ವಸ್ತುವನ್ನು ಕೈಗೆ ಕೊಟ್ಟು ಆಕೆ ಬೆರಳುಗಳನ್ನು ಮಡಿಸಿ ಬಿಚ್ಚುತ್ತ ಹೆಸರಿನ ಒಂದೊಂದು ಅಕ್ಷರವನ್ನೂ ಮೂಡಿಸುವರು. ಲಾರಾ ಆ ಕೈಯನ್ನು ತನ್ನ ಕೈಯಿಂದ ತಡವಿ ಗ್ರಹಿಸಿ ಹಾಗೆಯೇ ಮಾಡುವಳು.

ವಸ್ತುವಿನ ಹೆಸರು ಕಲಿಸಬಹುದು. ‘ಮೇಲೆ’ ಎಂಬ ಮಾತನ್ನು ಕಲಿಸುವುದು ಹೇಗೆ? ಉಂಗುರವನ್ನು ಪೆಟ್ಟಿಗೆಯ ಮೇಲಿಟ್ಟು ‘ಪೆಟ್ಟಿಗೆಯ ಮೇಲೆ ಉಂಗುರ’ ಎಂದು ಬೆರಳಲ್ಲಿ ಹೇಳಿದರು. ಅದನ್ನೇ ಟೋಪಿಯ ಮೇಲಿಟ್ಟಾಗಲೂ ಲಾರಾ ‘ಪೆಟ್ಟಿಗೆಯ ಮೇಲೆ’ ಎಂದಳು. ತಿದ್ದಿದರು. ಚೀಲ, ಮೇಜು ಎಂದು ಸ್ಥಳ ಬದಲಿಸುತ್ತ ಹೋದಂತೆ, ವಸ್ತುವಿನ ಹೆಸರಲ್ಲ, ಸಂಬಂಧದ ಹೆಸರೂ ಒಂದುಂಟೆಂದು ಅವಳಿಗೆ ತಿಳಿಯಿತು.

ವರ್ಷ ಕಳೆಯುವಷ್ಟರಲ್ಲಿ ಅವಳ ಬೆರಳುಗಳು ಒಂಟಿಯಾಗಿದ್ದಾಗಲೂ ಆಡತೊಡಗಿದವು. ಬೇಕೆಂದೇ ಎಡಗೈಯಿಂದ ತಪ್ಪು ಕಾಗುಣಿತ ಮಾಡಿ, ತುಂಟತನದಿಂದ ನಕ್ಕು, ಬಲಗೈಯಿಂದ ಎಡಗೈಗೆ ಪೆಟ್ಟು ಕೊಡುವಳು!

ಮನೆ ಬಿಟ್ಟು ಆರು ತಿಂಗಳಾದಾಗ ತಾಯಿ ಮಗಳನ್ನು ನೋಡಲು ಬಂದರು. ಲಾರಾ ಆಕೆಯ ಕೈಗಳನ್ನೂ ಉಡುಪನ್ನೂ ಮುಟ್ಟಿ ನೋಡಿ, ಯಾರೋ ಅಪರಿಚಿತರೆಂದು ತಿರುಗಿಬಿಟ್ಟಳು. ತಾಯಿ ಮನೆಯಿಂದ ತಂದ ಮಣಿಸರವನ್ನು ಕೊಟ್ಟರು. ಅದು ಮನೆಯದೆಂದು ಲಾರಾ ಒಡನೆಯೇ ಗುರುತಿಸಿದಳು, ತಾಯಿಯನ್ನಲ್ಲ. ಮನೆಯ ಇನ್ನೊಂದು ವಸ್ತು ಕೈಗೆ ಬಂದಾಗ, ಈಕೆ ಹ್ಯಾನೋವರಿನಿಂದ ಬಂದವಳೆಂದಷ್ಟು ಅರಿತಳು. ಕಡೆಗೆ ತಾಯಿ ಮತ್ತೊಮ್ಮೆ ಕೈಹಿಡಿದಾಗ ಏನೋ ಹೊಳೆದು ಮುಖ ಬಿಳುಪೇರಿತು, ಮರುಕ್ಷಣ ಕೆಂಪಾಯಿತು. ಮಣಿಸರ ಮರೆತುಹೋಯಿತು, ಗೆಳತಿಯರು ಮರೆತುಹೋದರು. ಲಾರಾ ತಾಯಿಯ ಎದೆಯನ್ನು ಅಪ್ಪಿಕೊಂಡಳು.

ಕಲಿತ ಮಾತಿಗೆ ಕೇಳುಗರೆಲ್ಲಿ?

ಹೌ ಅವರ ವರದಿಗಳಿಂದ ಲಾರಾಳ ಕೀರ್ತಿ ಹಬ್ಬಿತು. 1842ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಶಾಲೆಗೆ ಬಂದು ಅವಳನ್ನು ಕಂಡರು. ಅವಳ ಕಣ್ಣುಗಳಿಗೆ ಹಸಿರು ಪಟ್ಟಿ ಕಟ್ಟಿತ್ತು. ಪಕ್ಕದಲ್ಲಿ ಬಿದ್ದಿದ್ದ ಗೊಂಬೆಯ ಕಣ್ಣಿಗೂ ಅವಳು ಅಂಥದೇ ಪಟ್ಟಿಯನ್ನು ಕಟ್ಟಿದ್ದಳು. ತಮ್ಮ ಅಮೆರಿಕದ ಪ್ರವಾಸಕಥನದಲ್ಲಿ ಡಿಕನ್ಸ್ ಇದನ್ನೆಲ್ಲ ಬರೆದರು.

ಕೀರ್ತಿ ಬಹುಕಾಲ ಉಳಿಯಲಿಲ್ಲ. ಬೆಳೆದು ದೊಡ್ಡವಳಾದ ಲಾರಾ ಒಮ್ಮೆ ಹ್ಯಾನೋವರಿನ ಮನೆಯಲ್ಲಿಯೇ ನೆಲಸಲು ಹೋದಳು. ಮನೆಯವರು ಪ್ರೀತಿಯುಳ್ಳವರೇ, ಆದರೆ ಹೊಲಮನೆಯ ದುಡಿಮೆಯ ನಡುವೆ ಕೈಯೊಳಗೆ ಕೈಯಿಟ್ಟು ಅಕ್ಷರ ಅಕ್ಷರವಾಗಿ ಮಾತನಾಡುತ್ತ ಕೂರಲು ಯಾರಿಗೆ ಬಿಡುವು? ಮಾತು ಬಂದವಳಿಗೆ ಮೌನ ಮೊದಲಿಗಿಂತ ಭಾರವಾಯಿತು. ಆರೋಗ್ಯ ಕೆಟ್ಟಿತು. ಅವಳನ್ನು ಮರಳಿ ಬಾಸ್ಟನ್ನಿಗೆ ಕರೆತರಬೇಕಾಯಿತು. ಅಲ್ಲಿಯೇ ಕಸೂತಿ, ಲೇಸುಗಳನ್ನು ಹೆಣೆಯುತ್ತ ಆಕೆ 1889ರ ಮೇ 24ರಂದು ತೀರಿಕೊಂಡರು.

ಆದರೆ ಅಷ್ಟರಲ್ಲಿ ಆ ದೀಪದಿಂದ ಇನ್ನೊಂದು ದೀಪ ಹೊತ್ತಿಕೊಂಡಿತ್ತು. 1880ರಲ್ಲಿ ಶಾಲೆಗೆ ಸೇರಿದ, ದೃಷ್ಟಿ ಮಂದವಾಗಿದ್ದ ಬಡ ಹುಡುಗಿ ಆನ್ ಸಲಿವನ್, ಲಾರಾ ಅವರೊಡನೆ ಮಾತನಾಡಲೆಂದೇ ಬೆರಳಕ್ಷರ ಕಲಿತಳು. ಅತ್ತ ಅಲಬಾಮಾದಲ್ಲಿ ಹೆಲೆನಳ ತಾಯಿಗೆ ಆಸೆ ಚಿಗುರಿಸಿದ್ದು ಡಿಕನ್ಸರ ಪುಸ್ತಕದಲ್ಲಿದ್ದ ಲಾರಾಳ ವೃತ್ತಾಂತ. 1887ರ ಮಾರ್ಚ್ 3ರಂದು ಆನ್ ಅಲ್ಲಿಗೆ ಹೋದಾಗ ಒಯ್ದ ಗೊಂಬೆಗೆ ಉಡುಪು ಹೊಲಿದವರು ಲಾರಾ. ಆನ್ ಹೌ ಅವರ ವರದಿಗಳನ್ನು ಓದಿಕೊಂಡೇ ಹೋದರೂ ಒಂದು ಹೆಜ್ಜೆ ಮುಂದಿಟ್ಟರು: ಬಿಡಿ ಪದಗಳ ಪಾಠ ಬಿಟ್ಟು, ಹಸುಗೂಸಿನೊಡನೆ ತಾಯಿ ಮಾತನಾಡುವಂತೆ ದಿನವಿಡೀ ಹೆಲೆನಳ ಕೈಯೊಳಗೆ ಪೂರ್ಣ ವಾಕ್ಯಗಳನ್ನೇ ಹರಿಸಿದರು.

ಇಂದು ಉಪಾಯಗಳು ಹೆಚ್ಚಿವೆ. ಸ್ಪರ್ಶದ ಸನ್ನೆಭಾಷೆ ಬೆಳೆದಿದೆ. ಬ್ರೈಲ್ ಚುಕ್ಕಿಗಳನ್ನು ಎಬ್ಬಿಸಿ ತೋರುವ ಯಂತ್ರಗಳು ಬಂದಿವೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಿವುಡು-ಕುರುಡನ್ನು ಹೆಸರಿಸಿ ಗುರುತಿಸಿದೆ. ಆದರೂ ಹ್ಯಾನೋವರಿನ ಮನೆಯಲ್ಲಿ ಲಾರಾಗೆ ದೊರೆಯದೆ ಹೋದದ್ದು ಯಂತ್ರವಲ್ಲ. ಅಂಥ ಮಗುವಿರುವ ಮನೆಯಲ್ಲಿ ಅಕ್ಷರ ಕಲಿಯಬೇಕಾದವರು ಮಗುವೊಂದೇ ಅಲ್ಲ. ತಂದೆ, ತಾಯಿ, ಅಣ್ಣ, ಅಜ್ಜಿ, ಎಲ್ಲರೂ ಬೆರಳು ಪಳಗಿಸಿಕೊಳ್ಳಬೇಕು, ದಿನದಲ್ಲಿ ಒಂದಿಷ್ಟು ಹೊತ್ತು ಕೆಲಸ ಬದಿಗಿಟ್ಟು ಕೈ ನೀಡಬೇಕು.