ಸಾಕ್ಷಿಯಿಲ್ಲದ ವ್ರತ

ಸಚಿವಪದವಿಯನ್ನು ಸ್ವೀಕರಿಸುವವರು ರಾಜ್ಯಪಾಲರ ಸಮ್ಮುಖದಲ್ಲಿ ಕನ್ನಡದಲ್ಲಿ ಬೋಧಿಸಿಕೊಳ್ಳುವ ಪ್ರಮಾಣವಚನದಲ್ಲಿ ರಾಗ ಮತ್ತು ದ್ವೇಷ ಎಂಬ ಎರಡು ಪದಗಳು ಬರುತ್ತವೆ. ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಎಲ್ಲ ಜನರಿಗೂ ನ್ಯಾಯವನ್ನು ದೊರಕಿಸಿಕೊಡುವುದಾಗಿ ಅವರು ಪ್ರತಿಜ್ಞೆ ಮಾಡುತ್ತಾರೆ. ಸಂವಿಧಾನದ ಮೂರನೆಯ ಅನುಸೂಚಿಯು ವಿಧಿಸಿದ ಈ ಮಾತು ಜೈನ ಶ್ರಾವಕನ ಕಿವಿಗೆ ಹೊಸದಲ್ಲ. ರಾಗದ್ವೇಷಗಳನ್ನು ಗೆದ್ದವನೇ ಜಿನ. ಅವನ ಮಾರ್ಗದಲ್ಲಿ ನಡೆಯಲು ಹವಣಿಸುವವನೇ ಜೈನ. ಮುನಿಗಳು ಜೀವಮಾನವಿಡೀ ಸಾಧಿಸಬೇಕಾದುದನ್ನು ಅಧಿಕಾರ ಹಿಡಿಯುವವನು ಒಂದು ನಿಮಿಷದಲ್ಲಿ ಒಪ್ಪಿಕೊಂಡುಬಿಡುತ್ತಾನೆ.

ಒಪ್ಪಿಕೊಂಡದ್ದು ತಪ್ಪಲ್ಲ. ವ್ರತವು ಎಲ್ಲಿಯಾದರೂ ಆರಂಭವಾಗಲೇಬೇಕು. ಆದರೆ ವ್ರತವನ್ನು ತೊಟ್ಟ ಮೇಲೆ ಅದು ಉಳಿದಿದೆಯೋ ಮುರಿದಿದೆಯೋ ಎಂಬುದನ್ನು ನೋಡುವವರು ಯಾರು? ವ್ರತಿಯೇ ತನ್ನ ವ್ರತಕ್ಕೆ ಸಾಕ್ಷಿಯಾದರೆ ಸಾಕೇ? ಈ ಪ್ರಶ್ನೆಗೆ ಜಿನಾಗಮವು ಬಹು ಹಿಂದೆಯೇ ಉತ್ತರ ನೀಡಿದೆ. ನಮ್ಮ ರಾಜಕೀಯ ವ್ಯವಸ್ಥೆಯು ಆ ಉತ್ತರವನ್ನು ಇನ್ನೂ ಪೂರ್ಣವಾಗಿ ಒಪ್ಪಿಕೊಂಡಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ವ್ರತಿಯ ಲಕ್ಷಣವನ್ನು ಹೇಳುವಾಗ ಅವನು ಶಲ್ಯರಹಿತನಾಗಿರಬೇಕು ಎನ್ನುತ್ತಾರೆ. ಶಲ್ಯವೆಂದರೆ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ಮಾಯೆಯೆಂದರೆ ಕಪಟ; ಒಳಗೊಂದು, ಹೊರಗೊಂದು. ಕಾಲಿಗೆ ಚುಚ್ಚಿದ ಮುಳ್ಳನ್ನು ಮುಚ್ಚಿಟ್ಟುಕೊಂಡು ನಡೆದವನಿಗೆ ಹೆಜ್ಜೆ ಹೆಜ್ಜೆಗೂ ಗಾಯ ಹಿರಿದಾಗುತ್ತದೆ. ಅದನ್ನು ಕೀಳುವ ಕ್ರಿಯೆಯೇ ಆಲೋಚನೆ. ಇಂದಿನ ಕನ್ನಡದಲ್ಲಿ ಈ ಪದಕ್ಕೆ ಯೋಚಿಸುವುದು ಎಂಬ ಅರ್ಥ ಬಂದಿದೆ. ಆಗಮದಲ್ಲಿ ಅದರ ಅರ್ಥ, ಮಾಡಿದ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದು.

ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥವು ಈ ವಿಷಯವನ್ನು ಬಹು ವಿಸ್ತಾರವಾಗಿ ಚರ್ಚಿಸುತ್ತದೆ. ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಬೆಳೆದದ್ದು ಇದರ ಗಾಹೆಗಳ ಆಧಾರದ ಮೇಲೆ. ಮೂವತ್ತಾರು ಗುಣಗಳಿಂದ ಕೂಡಿದ ಆಚಾರ್ಯನೂ ತನ್ನ ಶುದ್ಧಿಯನ್ನು ಮತ್ತೊಬ್ಬರ ಸಾಕ್ಷಿಯಲ್ಲಿಯೇ ಮಾಡಿಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಉಳಿದವರಿಗೆ ಪ್ರಾಯಶ್ಚಿತ್ತ ಕೊಡುವವನಿಗೂ ವಿನಾಯಿತಿಯಿಲ್ಲ. ಎಷ್ಟೇ ನಿಪುಣನಾದ ವೈದ್ಯನಾದರೂ ತನಗೆ ರೋಗ ಬಂದಾಗ ಮತ್ತೊಬ್ಬ ವೈದ್ಯನಿಗೆ ಅದನ್ನು ತಿಳಿಸಿ ಚಿಕಿತ್ಸೆ ಪಡೆಯುವಂತೆ ಇದು. ಪದವಿ ಏರಿದಷ್ಟೂ ಸಾಕ್ಷಿಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ನಮ್ಮ ನಾಡಿನ ಒಂದು ಕಾನೂನನ್ನು ನೋಡಬಹುದು. ಕರ್ನಾಟಕ ಲೋಕಾಯುಕ್ತ ಕಾಯ್ದೆಯು 1984ರಲ್ಲಿ ರೂಪುಗೊಂಡು 1986ರಲ್ಲಿ ಜಾರಿಗೆ ಬಂದಿತು. ಅದರ 22ನೆಯ ಸೆಕ್ಷನ್ ಪ್ರಕಾರ ಮುಖ್ಯಮಂತ್ರಿ, ಸಚಿವರು, ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಹಾಗೂ ಕುಟುಂಬದವರ ಆಸ್ತಿ ಮತ್ತು ಸಾಲದ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಶ್ರಾವಕರಿಗೆ ಇದರಲ್ಲಿ ಪರಿಚಿತವಾದದ್ದೊಂದು ಕಾಣುತ್ತದೆ. ಪರಿಗ್ರಹ ಪರಿಮಾಣ ಅಣುವ್ರತದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ಒಂದೊಂದನ್ನೂ ಎಣಿಸಿ ಮಿತಿ ಹಾಕಿಕೊಳ್ಳಬೇಕು; ಮಿತಿ ಮೀರಿದರೆ ಅದು ಅತಿಚಾರ. ಕಾಯ್ದೆಯು ಮಿತಿ ಹಾಕಿಕೊಳ್ಳಲು ಹೇಳುವುದಿಲ್ಲ, ಎಣಿಸಿ ತಿಳಿಸಲು ಮಾತ್ರ ಹೇಳುತ್ತದೆ. ಅಣುವ್ರತದ ಅರ್ಧ ಭಾಗವಷ್ಟೇ ಅದು.

ಆ ಅರ್ಧವನ್ನೂ ಪಾಲಿಸದವರಿಗೆ ಆಗುವುದೇನು? ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡುತ್ತಾರೆ. ಎರಡು ತಿಂಗಳು ಕಳೆದರೂ ವಿವರ ಬಾರದಿದ್ದರೆ ಅಂಥವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸಲಾಗುತ್ತದೆ. ಆ ಸೆಕ್ಷನ್ ಹೇಳುವ ಕ್ರಮ ಅಲ್ಲಿಗೆ ಮುಗಿಯುತ್ತದೆ. ಲಜ್ಜೆಯುಳ್ಳವರಿಗೆ ಇದು ದೊಡ್ಡ ಶಿಕ್ಷೆ. ಲಜ್ಜೆಯನ್ನು ಕಳೆದುಕೊಂಡವರಿಗೆ ಶಿಕ್ಷೆಯೇ ಅಲ್ಲ. ಕಾನೂನು ಮನುಷ್ಯನ ನಾಚಿಕೆಯ ಮೇಲೆ ಭರವಸೆಯಿಟ್ಟಿತು. ನಾಚಿಕೆ ಕರಗಿದ ದಿನ ಕಾನೂನೂ ಕರಗಿತು.

ಆಗಮವು ಮನುಷ್ಯಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಅರಿತಿತ್ತು. ದೋಷವನ್ನು ಹೇಳಿಕೊಳ್ಳಲು ಬಂದವನೂ ಕಪಟ ಮಾಡಬಲ್ಲನೆಂಬುದನ್ನು ತಿಳಿದು, ಆಲೋಚನೆಯ ಹತ್ತು ದೋಷಗಳನ್ನು ಪಟ್ಟಿ ಮಾಡಿತು. ಆಕಂಪಿತ, ಅನುಮಾನಿತ, ದೃಷ್ಟ, ಬಾದರ, ಸೂಕ್ಷ್ಮ, ಛನ್ನ, ಶಬ್ದಾಕುಲಿತ, ಬಹುಜನ, ಅವ್ಯಕ್ತ, ತತ್ಸೇವಿ. ಮುನಿಗಳಿಗಾಗಿ ಹೇಳಿದ ಈ ಪಟ್ಟಿಯನ್ನು ಇಂದಿನ ಸಾರ್ವಜನಿಕ ಜೀವನದ ಪಕ್ಕದಲ್ಲಿಟ್ಟರೆ ಹೋಲಿಕೆ ತಾನಾಗಿಯೇ ಕಾಣುತ್ತದೆ.

ಕಾಣಿಕೆ, ಉಪಚಾರಗಳಿಂದ ಗುರುವಿನ ಮನಸ್ಸನ್ನು ಮೊದಲೇ ಮೆತ್ತಗೆ ಮಾಡಿ ಹಗುರವಾದ ಪ್ರಾಯಶ್ಚಿತ್ತ ಪಡೆಯುವುದು ಆಕಂಪಿತ ದೋಷ. ತನಿಖೆ ಮಾಡುವವರ ನೇಮಕ, ವರ್ಗಾವಣೆ, ನಿವೃತ್ತಿಯ ನಂತರದ ಹುದ್ದೆಗಳೆಲ್ಲ ತನಿಖೆಗೆ ಒಳಗಾಗಬೇಕಾದವರ ಕೈಯಲ್ಲಿದ್ದರೆ ಈ ದೋಷಕ್ಕೆ ಬಾಗಿಲು ತೆರೆದಂತೆಯೇ. ‘ನನಗೆ ಶಕ್ತಿಯಿಲ್ಲ, ಆರೋಗ್ಯವಿಲ್ಲ, ಕರುಣೆಯಿಡಿ’ ಎಂದು ಮೊದಲೇ ಗೋಗರೆಯುವುದು ಅನುಮಾನಿತ. ವಿಚಾರಣೆಯ ದಿನ ಬಂದೊಡನೆ ಆಸ್ಪತ್ರೆ ಸೇರುವವರನ್ನು ಕಂಡ ಜನರಿಗೆ ಇದರ ವ್ಯಾಖ್ಯಾನ ಬೇಕಾಗಿಲ್ಲ.

ಪರರು ಕಂಡ ದೋಷವನ್ನಷ್ಟೇ ಹೇಳಿ, ಕಾಣದುದನ್ನು ಮುಚ್ಚಿಡುವುದು ದೃಷ್ಟ ದೋಷ. ಚುನಾವಣಾ ಅಭ್ಯರ್ಥಿಗಳು ತಮ್ಮ ಆಸ್ತಿ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆಗಳನ್ನು ಮತದಾರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಾಗ, ಬೇರೆಲ್ಲದರಲ್ಲಿ ಕಚ್ಚಾಡುತ್ತಿದ್ದ ಪಕ್ಷಗಳು ಅದನ್ನು ಒಮ್ಮತದಿಂದ ವಿರೋಧಿಸಿದವು. ತೀರ್ಪನ್ನು ಮೊಟಕುಗೊಳಿಸಲು ತಂದ ತಿದ್ದುಪಡಿಯನ್ನು 2003ರಲ್ಲಿ ಅದೇ ನ್ಯಾಯಾಲಯ ರದ್ದುಮಾಡಿದ ಮೇಲೆಯೇ ಪ್ರಮಾಣಪತ್ರದ ಪದ್ಧತಿ ನೆಲೆಗೊಂಡಿತು. ಆಗಲೂ ಆಸ್ತಿ ಎಷ್ಟಿದೆಯೆಂದು ಹೇಳಿದರೆ ಸಾಕಾಗಿತ್ತು. ಅದು ಯಾವ ಆದಾಯದಿಂದ ಬಂತೆಂದು ಹೇಳಬೇಕಾದದ್ದು 2018ರ ಮತ್ತೊಂದು ತೀರ್ಪಿನ ಬಳಿಕ. ಬೆಳಕು ಬಿದ್ದಷ್ಟೇ ಭಾಗವನ್ನು ಗುಡಿಸುವ ಮನೆಯಂತಾಯಿತು ಇದು.

ಸಣ್ಣ ದೋಷವನ್ನು ದೊಡ್ಡದಾಗಿ ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ ದೋಷ. ಎಲ್ಲರೂ ಏಕಕಾಲದಲ್ಲಿ ಗದ್ದಲ ಮಾಡುತ್ತಿರುವಾಗ ಗುರುವಿಗೆ ಕೇಳಿಸದಂತೆ ತನ್ನ ದೋಷವನ್ನು ಹೇಳಿ ಮುಗಿಸುವುದು ಶಬ್ದಾಕುಲಿತ. ಒಂದು ಆರೋಪಕ್ಕೆ ಉತ್ತರವಾಗಿ ‘ನಿಮ್ಮ ಕಾಲದಲ್ಲಿ ಆಗಿರಲಿಲ್ಲವೇ’ ಎಂಬ ಹತ್ತು ಕೂಗುಗಳೆದ್ದು ಸದನವೇ ಮುಂದೂಡಲ್ಪಡುವಾಗ, ಪ್ರಾಚೀನ ಆಚಾರ್ಯರು ಇಟ್ಟ ಹೆಸರು ಎಷ್ಟು ಸರಿಯಾದುದೆಂದು ತಿಳಿಯುತ್ತದೆ. ಒಬ್ಬ ಗುರು ಕೊಟ್ಟ ಪ್ರಾಯಶ್ಚಿತ್ತ ಒಪ್ಪಿಗೆಯಾಗದೆ ಮತ್ತೊಬ್ಬರು, ಮಗದೊಬ್ಬರೆಂದು ಕೇಳುತ್ತ ಹೋಗುವುದು ಬಹುಜನ ದೋಷ. ಒಂದು ತನಿಖೆ ಬಿಗಿಯಾದೊಡನೆ ಬೇರೊಂದು ಸಂಸ್ಥೆಗೆ ಒಪ್ಪಿಸಿ, ಅದರ ಮೇಲೊಂದು ಸಮಿತಿಯನ್ನು ರಚಿಸುವುದು ಇದರ ಆಧುನಿಕ ರೂಪ.

ಉಳಿದ ಎರಡು ದೋಷಗಳು ಎಲ್ಲಕ್ಕಿಂತ ಗಂಭೀರವಾದವು. ಏಕೆಂದರೆ ಅವು ಹೇಳುವವನಿಗಿಂತ ಹೆಚ್ಚಾಗಿ ಕೇಳುವವನಿಗೆ ಸಂಬಂಧಿಸಿದವು. ಜ್ಞಾನ, ಚಾರಿತ್ರಗಳ ಬಲವಿಲ್ಲದ ಅಸಮರ್ಥನ ಮುಂದೆ ಆಲೋಚನೆ ಮಾಡುವುದು ಅವ್ಯಕ್ತ. ತನ್ನಂತೆಯೇ ಅದೇ ದೋಷವನ್ನು ಸೇವಿಸುತ್ತಿರುವವನ ಮುಂದೆ ಮಾಡುವುದು ತತ್ಸೇವಿ.

ಕರ್ನಾಟಕದ ಲೋಕಾಯುಕ್ತ ಸಂಸ್ಥೆಯ ಕಳೆದ ಎರಡು ದಶಕಗಳ ಕಥೆಯು ಈ ಎರಡೂ ದೋಷಗಳನ್ನು ತೋರಿಸುತ್ತದೆ. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಅನಿರೀಕ್ಷಿತ ಭೇಟಿಗಳಿಂದ ಸರ್ಕಾರಿ ಕಚೇರಿಗಳನ್ನು ಎಚ್ಚರಿಸಿದರು. ಅವರ ನಂತರ ಬಂದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಸರ್ಕಾರದ ಅಸಹಕಾರದಿಂದ ಬೇಸತ್ತು 2010ರಲ್ಲಿ ರಾಜೀನಾಮೆ ನೀಡಿ, ಬಳಿಕ ಅದನ್ನು ಹಿಂತೆಗೆದುಕೊಂಡರು. 2011ರ ಜುಲೈ ತಿಂಗಳಲ್ಲಿ ಅವರು ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿಯು ರಾಜ್ಯಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜಿಸಿತು. ಅದೇ ತಿಂಗಳ ಕೊನೆಯಲ್ಲಿ ಅಂದಿನ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಸಾಕ್ಷಿಯು ಗಟ್ಟಿಯಾಗಿದ್ದರೆ ಏನಾಗಬಲ್ಲದೆಂಬುದನ್ನು ದೇಶವೇ ನೋಡಿತು.

2015ರಲ್ಲಿ ಆ ಸಂಸ್ಥೆಯ ಒಳಗಿನಿಂದಲೇ ಸುಲಿಗೆಯ ಆರೋಪ ಕೇಳಿಬಂದು, ಅಂದಿನ ಲೋಕಾಯುಕ್ತರು ಹುದ್ದೆಯನ್ನು ತೊರೆಯಬೇಕಾಯಿತು. ದೋಷವನ್ನು ಕೇಳಬೇಕಾದ ಸ್ಥಾನದ ಮೇಲೆಯೇ ದೋಷದ ನೆರಳು ಬಿದ್ದಿತು. ಬಳಿಕ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಪೀಠ ಖಾಲಿಯಿತ್ತು. ರೋಗಿಯಾದ ವೈದ್ಯನಿಗೆ ಚಿಕಿತ್ಸೆ ಬೇಕಾಗಿತ್ತು. ಸರ್ಕಾರ ಮಾಡಿದ್ದೇ ಬೇರೆ. 2016ರ ಮಾರ್ಚ್ 14ರ ಆದೇಶದಿಂದ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಸಂಸ್ಥೆಯನ್ನು ಕಟ್ಟಿ, ಲೋಕಾಯುಕ್ತ ಪೊಲೀಸರ ಬಳಿಯಿದ್ದ ಭ್ರಷ್ಟಾಚಾರ ಪ್ರಕರಣಗಳ ತನಿಖಾಧಿಕಾರವನ್ನು ಅದಕ್ಕೆ ವಹಿಸಲಾಯಿತು. ಆ ದಳವಿದ್ದದ್ದು ಮುಖ್ಯಮಂತ್ರಿಯ ಅಧೀನದಲ್ಲಿ. ಶಿಷ್ಯನೇ ತನ್ನ ಆಲೋಚನೆಯನ್ನು ಕೇಳುವ ಗುರುವನ್ನು ನೇಮಿಸಿಕೊಂಡಂತಾಯಿತು. ಆಗಿದ್ದ ಸರ್ಕಾರ ಬದಲಾಗಿ ಬೇರೆ ಪಕ್ಷಗಳು ಅಧಿಕಾರಕ್ಕೆ ಬಂದವು. ವ್ಯವಸ್ಥೆ ಮಾತ್ರ ಬದಲಾಗಲಿಲ್ಲ. 2022ರ ಆಗಸ್ಟ್ 11ರಂದು ರಾಜ್ಯದ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ ಮೇಲೆ ಅಧಿಕಾರವು ಲೋಕಾಯುಕ್ತಕ್ಕೆ ಮರಳಿತು. ಆರು ವರ್ಷ ಸಾಕ್ಷಿಯ ಕೈ ಕಟ್ಟಿತ್ತು. ಅದನ್ನು ಬಿಡಿಸಿದ್ದು ಯಾವ ಪಕ್ಷವೂ ಅಲ್ಲ.

ದೆಹಲಿಯ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಲೋಕಪಾಲ ಮಸೂದೆ ಮೊದಲು ಮಂಡನೆಯಾದದ್ದು 1968ರಲ್ಲಿ. ಕಾಯ್ದೆಯಾದದ್ದು 2013ರಲ್ಲಿ. ಮೊದಲ ಲೋಕಪಾಲರು ನೇಮಕಗೊಂಡದ್ದು 2019ರ ಮಾರ್ಚ್‌ನಲ್ಲಿ. ಈ ನಡುವೆ 2016ರಲ್ಲಿ ಆಸ್ತಿ ಘೋಷಣೆಗೆ ಸಂಬಂಧಿಸಿದ ಸೆಕ್ಷನ್ನಿಗೆ ತಿದ್ದುಪಡಿ ತಂದು, ಗಡುವನ್ನೂ ಪ್ರಕಟಣೆಯ ಕಡ್ಡಾಯವನ್ನೂ ಸಡಿಲಗೊಳಿಸಲಾಯಿತು. ರಾಜ್ಯಸಭೆಯಲ್ಲಿ 1997ರಲ್ಲಿ, ಲೋಕಸಭೆಯಲ್ಲಿ 2000ದಲ್ಲಿ ನೀತಿ ಸಮಿತಿಗಳು ರಚನೆಯಾದವು. ಅವುಗಳಲ್ಲಿ ಸದಸ್ಯರನ್ನು ವಿಚಾರಿಸುವವರು ಸಹಸದಸ್ಯರೇ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದ್ದನ್ನು ಮರೆಯಲಾಗದು. ಮನಸ್ಸಿದ್ದರೆ ಮನೆಯವರೇ ಮನೆಯನ್ನು ತೊಳೆಯಬಲ್ಲರು. ಆದರೆ ಅಂಥ ದಿನಗಳು ಬಲು ವಿರಳ. ವಿರಳವಾದ ಸದ್ಬುದ್ಧಿಯ ಮೇಲೆ ನಿತ್ಯದ ವ್ಯವಸ್ಥೆಯನ್ನು ನಿಲ್ಲಿಸಲಾಗದು.

ಹಾಗಾದರೆ ಸಾಕ್ಷಿಯು ಹೇಗಿರಬೇಕು? ಆಲೋಚನೆಯನ್ನು ಕೇಳುವ ಆಚಾರ್ಯನ ಗುಣಗಳಲ್ಲಿ ಅವಪೀಡಕತ್ವವೂ ಒಂದೆಂದು ಭಗವತೀ ಆರಾಧನಾ ಹೇಳುತ್ತದೆ. ಶಿಷ್ಯನು ನಾಚಿಕೆಯಿಂದಲೋ ಭಯದಿಂದಲೋ ಕಪಟದಿಂದಲೋ ಅಡಗಿಸಿಟ್ಟ ದೋಷವನ್ನು ಒತ್ತಿ ಹೊರಡಿಸುವ ಸಾಮರ್ಥ್ಯವೇ ಅದು. ಅಳುವ ಮಗುವಿನ ಬಾಯಿ ಬಿಡಿಸಿ ಔಷಧ ಕುಡಿಸುವ ತಾಯಿಯಲ್ಲಿ ದ್ವೇಷವಿರುವುದಿಲ್ಲ. ಮಗುವಿನ ಹಿತವಷ್ಟೇ ಇರುತ್ತದೆ. ಕೇಳಿದ ದೋಷವನ್ನು ಊರೆಲ್ಲ ಸಾರಿ ಮಾನಹಾನಿ ಮಾಡದಿರುವ ಅಪರಿಸ್ರಾವಿ ಗುಣವೂ ಆಚಾರ್ಯನಿಗೆ ಬೇಕು. ತನಿಖೆಗೆ ಶಕ್ತಿಯೂ ಬೇಕು, ಸಂಯಮವೂ ಬೇಕು. ವಿರೋಧಿಗಳನ್ನು ಹಣಿಯಲು ಬಳಸುವ ತನಿಖೆಯು ಪ್ರಾಯಶ್ಚಿತ್ತವಾಗದೆ ಹಿಂಸೆಯಾಗುತ್ತದೆ. ರಾಗದಿಂದ ಮುಚ್ಚಿಡುವುದು, ದ್ವೇಷದಿಂದ ಬಯಲಿಗೆಳೆಯುವುದು, ಇವೆರಡೂ ಅದೇ ಪ್ರಮಾಣವಚನದ ಭಂಗವೇ.

ಪ್ರಾಯಶ್ಚಿತ್ತಕ್ಕೆ ಫಲವೂ ಇರಬೇಕು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಛೇದವೆಂಬುದೊಂದಿದೆ. ಗುರುತರ ದೋಷ ಮಾಡಿದ ಮುನಿಯ ದೀಕ್ಷಾಕಾಲದಲ್ಲಿ ಇಷ್ಟು ದಿನ, ಇಷ್ಟು ತಿಂಗಳೆಂದು ಕಡಿತ ಮಾಡಲಾಗುತ್ತದೆ. ಅಲ್ಲಿಯವರೆಗೆ ತನಗೆ ವಂದಿಸುತ್ತಿದ್ದ ಕಿರಿಯರಿಗೆ ಅವನು ತಾನೇ ವಂದಿಸಬೇಕಾಗುತ್ತದೆ. ಇನ್ನೂ ದೊಡ್ಡ ದೋಷಕ್ಕೆ ಉಪಸ್ಥಾಪನೆ. ಮೊದಲಿನಿಂದ ಮತ್ತೆ ದೀಕ್ಷೆ. ಹಿರಿತನವು ದೋಷಕ್ಕೆ ರಕ್ಷಾಕವಚವಾಗಲಿಲ್ಲ, ದೋಷವೇ ಹಿರಿತನವನ್ನು ಕತ್ತರಿಸಿತು. ಆರೋಪದ ಕಾರಣಕ್ಕೆ ಹೊರಹೋದವರು ನಿರ್ದೋಷಿಗಳೆಂದು ತೀರ್ಮಾನವಾಗುವ ಮೊದಲೇ ಹಾರ ತುರಾಯಿಗಳೊಂದಿಗೆ ಹಿಂದಿರುಗುವ ಇಂದಿನ ರೂಢಿಗೂ ಈ ನಿಯಮಕ್ಕೂ ಇರುವ ಅಂತರ ದೊಡ್ಡದು.

ಇಲ್ಲಿ ಶ್ರದ್ಧಾಳುಗಳ ಮನಸ್ಸಿನಲ್ಲಿ ಒಂದು ಸಮಾಧಾನ ಏಳುವುದು ಸಹಜ. ಮಾಡಿದವರ ಪಾಪ ಆಡಿದವರ ಬಾಯಲ್ಲಿ, ಕರ್ಮವು ಯಾರನ್ನೂ ಬಿಡದು, ನಮಗೇಕೆ ಚಿಂತೆ? ಕರ್ಮವು ಯಾರನ್ನೂ ಬಿಡದೆಂಬುದು ಸತ್ಯ. ಪದವಿ, ಪಕ್ಷ, ವಕೀಲರು ಯಾರೂ ಬಂಧವನ್ನು ತಪ್ಪಿಸಲಾರರು. ಆದರೆ ಕರ್ಮಸಿದ್ಧಾಂತವನ್ನು ಬೋಧಿಸಿದ ಆಚಾರ್ಯರೇ ಆಲೋಚನೆ, ಪ್ರತಿಕ್ರಮಣ, ಛೇದಗಳನ್ನೂ ವಿಧಿಸಿದರು. ಕರ್ಮವೇ ಎಲ್ಲವನ್ನೂ ನೋಡಿಕೊಳ್ಳಲೆಂದು ಅವರು ಸಂಘವನ್ನು ಸುಮ್ಮನೆ ಬಿಡಲಿಲ್ಲ. ಒಬ್ಬನ ದೋಷದಿಂದ ಸಂಘವೆಲ್ಲ ಕೆಡಬಾರದು, ಆ ಒಬ್ಬನೂ ಮುಳ್ಳಿನೊಂದಿಗೆ ಸಾಯಬಾರದು ಎಂಬ ಕರುಣೆ ಅವರದು. ಅಗೆದ ಬೆಟ್ಟ, ಕೆಂಪಾದ ಹಳ್ಳ, ತಲುಪದ ಪಡಿತರಗಳ ನೋವನ್ನು ಈ ಜನ್ಮದಲ್ಲಿ ಉಣ್ಣುವವರು ಬಡವರು. ಅವರ ನೋವನ್ನು ಮುಂದಿನ ಜನ್ಮದ ಲೆಕ್ಕಕ್ಕೆ ಬರೆದು ಕುಳಿತುಕೊಳ್ಳುವುದು ಅಹಿಂಸೆಯಲ್ಲ.

ಪ್ರಜಾಪ್ರಭುತ್ವದಲ್ಲಿ ಕೊನೆಯ ಸಾಕ್ಷಿ ಪ್ರಜೆಯೇ. ಆ ಸಾಕ್ಷಿಯೂ ಹತ್ತು ದೋಷಗಳಿಂದ ಮುಕ್ತನಾಗಿರಬೇಕಾಗುತ್ತದೆ. ಚುನಾವಣೆಯ ಸಮಯದಲ್ಲಿ ಕಾಣಿಕೆ ಪಡೆದ ಕೈಗೆ ಲೆಕ್ಕ ಕೇಳುವ ಬಲವಿಲ್ಲ. ಅದು ಆಕಂಪಿತವಾದ ಕೈ. ತನ್ನ ಕೆಲಸ ಬೇಗನೆ ಆಗಲೆಂದು ಕಚೇರಿಯಲ್ಲಿ ಲಂಚ ಕೊಟ್ಟು ಬಂದವನು ಜನನಾಯಕನ ಭ್ರಷ್ಟತೆಗೆ ತೀರ್ಪು ಕೊಡಲು ಕುಳಿತರೆ ಅವನೂ ತತ್ಸೇವಿಯೇ. ತನ್ನ ಜಾತಿಯವನ ದೋಷವನ್ನು ಸೂಕ್ಷ್ಮವೆಂದೂ ಅನ್ಯರದನ್ನು ಬಾದರವೆಂದೂ ಅಳೆಯುವ ತಕ್ಕಡಿ ಧರ್ಮದ ತಕ್ಕಡಿಯಲ್ಲ.

ಪ್ರತಿದಿನ ಸಂಜೆ ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಶ್ರಾವಕನು ಆ ದಿನದ ಅತಿಚಾರಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಹಾಗೆ ತನ್ನ ಲೆಕ್ಕವನ್ನು ತಾನು ಒಪ್ಪಿಸುವ ಅಭ್ಯಾಸವುಳ್ಳವನಿಗೆ ಮತ್ತೊಬ್ಬರ ಲೆಕ್ಕ ಕೇಳುವಾಗ ಧ್ವನಿ ನಡುಗುವುದಿಲ್ಲ, ಗಡುಸಾಗುವುದೂ ಇಲ್ಲ. ಪ್ರತಿವರ್ಷ ಜೂನ್ 30 ಬರುತ್ತದೆ. ತನ್ನ ಕ್ಷೇತ್ರದ ಶಾಸಕರು ಆಸ್ತಿ ವಿವರವನ್ನು ಸಲ್ಲಿಸಿದರೇ ಎಂದು ವಿನಯದಿಂದ, ಆದರೆ ತಪ್ಪದೆ ವಿಚಾರಿಸುವುದು ಒಬ್ಬ ಗೃಹಸ್ಥನಿಗೆ ಸಾಧ್ಯವಾದ ಕೆಲಸ. ರಾಗದ್ವೇಷಗಳಿಲ್ಲದೆ ನಡೆಯುವೆನೆಂದು ವಚನ ಕೊಟ್ಟವರನ್ನು ರಾಗದ್ವೇಷಗಳಿಲ್ಲದೆ ಪ್ರಶ್ನಿಸುವುದೂ ಒಂದು ವ್ರತವೇ.