ನೀರು ಕುಡಿದು ನೀರು ತಡೆಯುವ ಸಿಲಿಕೋನ್

ಮೈಸೂರಿನ ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ ಮರದ ಕಿಟಕಿ ತೆಗೆಸಿ ಅಲ್ಯೂಮಿನಿಯಂ ಚೌಕಟ್ಟು ಕೂರಿಸುವುದು ಈಗ ಸಾಮಾನ್ಯ. ಕಿಟಕಿ ಹೊಸದಾದರೂ ಅಕ್ಟೋಬರ್ ಮಳೆಯ ಎರಚಲಿಗೆ ಗೋಡೆಯ ಮೂಲೆ ಒದ್ದೆಯಾಗುವುದುಂಟು. ನೀರು ನುಸುಳುವುದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಿಂದ. ಅಲ್ಲಿಗೆ ವೈಟ್ ಸಿಮೆಂಟ್ ಮೆತ್ತಿದರೆ ಬೇಗ ಬಿರುಕು ಬಿಡುತ್ತದೆ. ಉಷ್ಣತೆ 30 ಡಿಗ್ರಿ ಏರಿದರೆ 2 ಮೀಟರ್ ಅಲ್ಯೂಮಿನಿಯಂ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ, ಕಾಂಕ್ರೀಟು ಅದರ ಅರ್ಧದಷ್ಟೇ. ದಿನವೂ ನಡೆಯುವ ಈ ಎಳೆದಾಟವನ್ನು ತಾಳಲು ರಬ್ಬರಿನ ಗುಣ ಬೇಕು. ಸಿಲಿಕೋನ್ ಟ್ಯೂಬಿನ ಕೆಲಸ ಅದು.

ಟ್ಯೂಬಿನೊಳಗಿರುವುದು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಸರದಿಯಂತೆ ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿಗಳು. ಹೊರಗೆ ಬಂದೊಡನೆ ಗಾಳಿಯ ತೇವ ತಗುಲಿ ಆ ಸರಪಳಿಗಳು ಅಡ್ಡಡ್ಡಲಾಗಿ ಬೆಸೆದುಕೊಳ್ಳುತ್ತವೆ. ನೀರು ತಡೆಯುವ ಈ ವಸ್ತು ಗಟ್ಟಿಯಾಗುವುದೇ ನೀರಿನಿಂದ! ಮೇಲೆ ಕೆಲವೇ ನಿಮಿಷಗಳಲ್ಲಿ ಕೆನೆ ಕಟ್ಟಿದರೂ ಒಳಗೆ ದಿನಕ್ಕೆ 2–3 ಮಿಲಿಮೀಟರ್ ಮಾತ್ರ ಗಟ್ಟಿಯಾಗುತ್ತದೆ. ಮಾರ್ಚಿನ ಒಣಹವೆಯಲ್ಲಿ ಇನ್ನೂ ನಿಧಾನ.

ಬಿರುಕು ಮುಚ್ಚುವ, ಮೊಹರು ಹಾಕುವ ಅಂಟು ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಇಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಮತದಾನದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. ಅರಗು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಒಮ್ಮೆ ಬೆಸೆದ ಸಿಲಿಕೋನ್ ಮಾತ್ರ ಹಾಗೆ ಕರಗುವುದಿಲ್ಲ. ಬಿಸಿಲಿಗೆ ಅದು ಮೆತ್ತಗಾಗದಿರುವುದು ಇದರಿಂದಲೇ. ತಪ್ಪಿ ಹಚ್ಚಿದ್ದನ್ನು ಬ್ಲೇಡಿನಿಂದ ಕೆರೆದೇ ತೆಗೆಯಬೇಕಾಗುವುದೂ ಇದರಿಂದಲೇ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಬಗೆಯದು. ಅಗ್ಗದ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ; ಮೂಗಿಗೆ ಬಡಿಯುವ ವಿನೆಗರ್ ಘಾಟು ಅದರದೇ. ಗಾಜಿಗೆ, ಹೊಳಪಿನ ಟೈಲ್ಸಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ನಮ್ಮ ಅಡುಗೆಮನೆಗಳ ಕಟ್ಟೆಯ ಮೇಲಿರುವ ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಆಮ್ಲ ಅದನ್ನೂ ಅಮೃತಶಿಲೆಯನ್ನೂ ಕೊರೆಯುತ್ತದೆ, ಸಿಮೆಂಟಿನ ಮೇಲೆ ಹಿಡಿತ ಸಡಿಲವಾಗುತ್ತದೆ, ಕನ್ನಡಿಯ ಹಿಂಬದಿಯ ಲೇಪ ಹಾಳಾಗುತ್ತದೆ. ಅಲ್ಲೆಲ್ಲ ‘ನ್ಯೂಟ್ರಲ್’ ಎಂದು ಬರೆದ ಟ್ಯೂಬೇ ಬೇಕು. ಮೇಲೆ ಪೇಂಟ್ ಹೊಡೆಯುವುದಿದ್ದರೆ ಅಕ್ರಿಲಿಕ್ ಸೀಲೆಂಟ್. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇನ್ನು ಹಚ್ಚುವ ಕೆಲಸ. ಹಳೆಯ ಸಿಲಿಕೋನ್ ಮೇಲೆ ಹೊಸದು ಹಿಡಿಯದು, ಪೂರ್ತಿ ತೆಗೆಯಬೇಕು. ಸಂದಿನಲ್ಲಿ ಧೂಳು, ಸೋಪಿನ ಜಿಡ್ಡು, ಪಸೆ ಇರಬಾರದು. ಗಾಳಿಯ ತೇವ ಬೇಕು, ಮೇಲ್ಮೈಯ ನೀರು ಬೇಡ. ಸಂದು ಆಳವಾಗಿದ್ದರೆ ಮೊದಲು ಫೋಮಿನ ಹುರಿ ತುರುಕಬೇಕು. ಇಲ್ಲದಿದ್ದರೆ ತಳಕ್ಕೂ ಅಂಟಿಕೊಂಡ ಸಿಲಿಕೋನ್ ಎರಡು ಬದಿಗಳ ನಡುವೆ ಹಿಗ್ಗಲಾಗದೆ ಹರಿಯುತ್ತದೆ. ಟ್ಯೂಬಿನ ತುದಿ ಕತ್ತರಿಸಿ, ನಾಝಲನ್ನು ಸಂದಿನ ಅಗಲಕ್ಕೆ ತಕ್ಕಂತೆ ಓರೆಯಾಗಿ ಕೊಯ್ದು ತಿರುಗಿಸಿ ಕೂರಿಸಬೇಕು. ದೊಡ್ಡದಾಗಿ ಕೊಯ್ಯುವ ಆತುರ ಬೇಡ, ಸಣ್ಣದನ್ನು ಮತ್ತೆ ದೊಡ್ಡದು ಮಾಡಬಹುದು. ಟ್ಯೂಬು ಒತ್ತುವ ಗನ್ನನ್ನು ಒಂದೇ ವೇಗದಲ್ಲಿ ಸರಿಸಿ, ನಿಲ್ಲಿಸುವಾಗ ಹಿಂದಿನ ಪಟ್ಟಿ ಒತ್ತಿದರೆ ಸುರಿಯುವುದು ನಿಲ್ಲುತ್ತದೆ. ಕೆನೆ ಕಟ್ಟುವ ಮೊದಲೇ ಸವರಿ ನಯ ಮಾಡಬೇಕು. 280 ಮಿಲಿಲೀಟರಿನ ಟ್ಯೂಬು 6 ಮಿಲಿಮೀಟರ್ ಅಗಲ, ಅಷ್ಟೇ ಆಳದ ಸಂದಿಗೆ ಏಳು ಮೀಟರಿಗೂ ಮಿಕ್ಕಿ ಬರುತ್ತದೆ.

ಕಿಟಕಿ ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಬಚ್ಚಲಿನಲ್ಲಿ ಹಚ್ಚಿದ್ದರೆ ಕನಿಷ್ಠ ಒಂದು ದಿನ ಅಲ್ಲಿ ನೀರು ಸುರಿಯಬೇಡಿ.